ಒಂದೇ ಮನೆಯ ಬೀದಿ

ಗಾಳಿಯ ಒತ್ತಡವು ದಿನವೊಂದಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆಂಬ ಸಂಗತಿಯನ್ನು ನಮ್ಮಲ್ಲಿ ಅನೇಕರು ಗಮನಿಸಿರಲಾರರು. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಒಂದು ಏರು, ರಾತ್ರಿ ಹತ್ತರ ಸುಮಾರಿಗೆ ಮತ್ತೊಂದು. ಇವೆರಡರ ನಡುವೆ, ನಾಲ್ಕು ಗಂಟೆಯ ಆಸುಪಾಸಿನಲ್ಲಿ, ಒಂದೊಂದು ಇಳಿತ. ಕಡಲಿನ ಉಬ್ಬರವಿಳಿತಗಳಿಗೆ ಚಂದ್ರನು ಮುಖ್ಯ ಕಾರಣನಾದರೆ ವಾಯುಮಂಡಲದ ಈ ಉಬ್ಬರವಿಳಿತಕ್ಕೆ ಸೂರ್ಯನ ಬಿಸಿಲೇ ಕಾರಣ. ನಾನು ಪಾಠ ಹೇಳುವ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಇದನ್ನು ತಾವೇ ಅಳೆದು ನೋಡಬೇಕೆಂದು ಹೊರಟರು. ನಮ್ಮದು ಬಯಲುಸೀಮೆಯ ಊರು. ಕರಾವಳಿಯ ಒಂದು ಕಾಲೇಜಿನವರೂ ಜೊತೆಗೂಡಿದರು. ಎರಡು ಊರುಗಳಿಗೂ ರೇಖಾಂಶದಲ್ಲಿ ಸುಮಾರು ಎರಡೂವರೆ ಡಿಗ್ರಿಗಳ ಅಂತರವಿದೆ. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾಗುವುದರಿಂದ, ಪೂರ್ವದಲ್ಲಿರುವ ನಮ್ಮಲ್ಲಿ ಒತ್ತಡದ ಏರು ಅವರಲ್ಲಿಗಿಂತ ಹತ್ತು ನಿಮಿಷಗಳಷ್ಟು ಮುಂಚೆ ಬರಬೇಕು. ಎರಡು ಮೂರು ಮಿಲಿಬಾರ್‌ಗಳ ಈ ಪುಟ್ಟ ಅಲೆಯ ಮೇಲೆ ಮೋಡ, ಮಳೆ, ಕಡಲಗಾಳಿಗಳ ಗೊಂದಲವೆಲ್ಲ ಕೂಡಿಕೊಂಡಿರುತ್ತದೆ. ಅದರೊಳಗಿಂದ ಹತ್ತು ನಿಮಿಷವನ್ನು ಹೆಕ್ಕಿ ತೆಗೆಯಬೇಕಾದರೆ ತಿಂಗಳುಗಟ್ಟಲೆಯ ವಾಚನಗಳ ಸರಾಸರಿ ಬೇಕು. ನಿಮಿಷಕ್ಕೊಂದು ವಾಚನ, ದಿನಕ್ಕೆ 1440.

ಈ ಲೇಖನ ಗಾಳಿಯನ್ನು ಕುರಿತದ್ದಲ್ಲ. ಆ ವಾಚನಗಳು ಹನ್ನೊಂದು ದಿನಗಳಷ್ಟು ಹೇಗೆ ಕಳೆದುಹೋದುವು, ಅವನ್ನು ಕಳೆದುದು ಒಂದು ಸೊನ್ನೆ ಹೇಗಾಯಿತು ಎಂಬುದೇ ಇಲ್ಲಿಯ ವಿಷಯ.

ಎರಡು ಕಾಲೇಜುಗಳೂ ತಮ್ಮ ತಮ್ಮ ವಾಚನಗಳನ್ನು ಕೂಡಿಡಲು ಒಂದೊಂದು ಸರ್ವರನ್ನು ಬಾಡಿಗೆಗೆ ಹಿಡಿದಿದ್ದುವು. ಬಾಡಿಗೆಯ ಸರ್ವರೆಂದರೆ, ದೂರದ ಯಾವುದೋ ಕಟ್ಟಡದಲ್ಲಿ ಹಗಲೂ ಇರುಳೂ ಓಡುತ್ತಿರುವ ಒಂದು ಗಣಕಯಂತ್ರ, ಇಲ್ಲವೆ ದೊಡ್ಡ ಯಂತ್ರವೊಂದರ ಒಂದು ಪಾಲು. ಅದನ್ನು ನಾವು ಕಣ್ಣಿನಿಂದ ಕಾಣುವುದಿಲ್ಲ. ಮನೆಯಲ್ಲಿ ಕುಳಿತು ಇಂಟರ್‌ನೆಟ್ಟಿನ ಮೂಲಕವೇ ಅದಕ್ಕೆ ಆಜ್ಞೆ ಕೊಡುತ್ತೇವೆ. ಕರಾವಳಿಯವರ ಸರ್ವರು ಪ್ರತಿ ರಾತ್ರಿ ತನ್ನ ವಾಚನಗಳ ಪ್ರತಿಯೊಂದನ್ನು ನಮ್ಮ ಸರ್ವರಿಗೆ ಕಳುಹಿಸುವುದೆಂದೂ, ಮೂವತ್ತು ದಿನ ಹಳೆಯದಾದುದನ್ನು ಅವರು ಅಳಿಸಿಬಿಡುವುದೆಂದೂ ಏರ್ಪಾಡಾಗಿತ್ತು. ಬೇಸಗೆಯ ರಜದ ಆರಂಭದಲ್ಲಿ ನಮ್ಮ ಹಳೆಯ ಯಂತ್ರವನ್ನು ಬಿಟ್ಟು, ಅವರು ಯಾವ ಸಂಸ್ಥೆಯಿಂದ ಬಾಡಿಗೆಗೆ ಪಡೆದಿದ್ದರೋ ಅದೇ ಸಂಸ್ಥೆಯಿಂದ ಹೊಸದೊಂದನ್ನು ಪಡೆದೆವು. ಸಂಸ್ಥೆಯ ಪತ್ರದಲ್ಲಿ ಮೂರು ಸಾಲುಗಳಿದ್ದುವು:

ವಿಳಾಸ: 203.0.113.45
ಮಾಸ್ಕ್: 255.255.255.255
ಗೇಟ್‌ವೇ: 203.0.113.1

(ನಿಜವಾದ ಅಂಕಿಗಳನ್ನು ಇಲ್ಲಿ ಮರೆಮಾಡಿದ್ದೇನೆ. 203.0.113 ಎಂದು ಮೊದಲಾಗುವ 256 ವಿಳಾಸಗಳನ್ನು 2010ರ ಜನವರಿಯಲ್ಲಿ ಇಂಥ ಉದಾಹರಣೆಗಳಿಗೆಂದೇ ಮೀಸಲಿಡಲಾಯಿತು. ಅಂಕಗಣಿತದ ಪುಸ್ತಕದಲ್ಲಿ ಮಾವಿನ ಹಣ್ಣು ಹಂಚಿಕೊಳ್ಳುವ ರಾಮ ಸೋಮರಂತೆ ಇವಕ್ಕೂ ಲೋಕದಲ್ಲಿ ಮನೆಯಿಲ್ಲ.)

ನಾನು ಎರಡನೆಯ ಸಾಲನ್ನು ಓದಿ ನಕ್ಕೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ, ಮನೆಯಲ್ಲಿ, ಎಲ್ಲಿಯೂ ನಾನು ಕಂಡಿದ್ದ ಮಾಸ್ಕ್ 255.255.255.0. ಬರೆದವನ ಕೈ ತಪ್ಪಿ ಸೊನ್ನೆಯ ಜಾಗದಲ್ಲಿ ಇನ್ನೊಂದು 255 ಬಿದ್ದಿರಬೇಕೆಂದು ಭಾವಿಸಿ, ನನ್ನ ಪಾಂಡಿತ್ಯವನ್ನು ಮೆರೆದು ಅದನ್ನು 'ತಿದ್ದಿದೆ'. ಯಂತ್ರ ಚೆನ್ನಾಗಿಯೇ ಓಡಿತು. ಮನೆಯಿಂದ ಅದನ್ನು ಮುಟ್ಟಬಹುದಾಗಿತ್ತು. ಅದರಿಂದ ಲೋಕದ ಯಾವ ಮೂಲೆಯನ್ನಾದರೂ ಮುಟ್ಟಬಹುದಾಗಿತ್ತು. ನಮ್ಮ ಮಹಡಿಯ ಮೇಲಿನ ಉಪಕರಣದ ವಾಚನಗಳು ಒಂದೂ ತಪ್ಪದೆ ಬಂದು ಸೇರುತ್ತಿದ್ದುವು. ರಜ ಮುಗಿದು, ಮೂವತ್ತೊಂಬತ್ತನೆಯ ದಿನ, ವಿದ್ಯಾರ್ಥಿನಿಯೊಬ್ಬಳು ಕರಾವಳಿಯ ಕಡತವನ್ನು ತೆರೆದು ನೋಡಿದಾಗ ಯಂತ್ರ ಬದಲಾಯಿಸಿದ ದಿನದಿಂದ ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಮೊದಲ ಒಂಬತ್ತು ದಿನಗಳ ವಾಚನಗಳು ಆ ವೇಳೆಗೆ ಅಲ್ಲಿಯೂ ಅಳಿಸಿಹೋಗಿದ್ದುವು. ಇನ್ನುಳಿದುವು ದಿನಕ್ಕೊಂದರಂತೆ ಅಳಿಯುತ್ತಿದ್ದುವು.

ಕರಾವಳಿಯ ಅಧ್ಯಾಪಕರಿಗೆ ದೂರವಾಣಿ ಮಾಡಿದೆ. ಅವರ ಸರ್ವರ್ 203.0.113.112ರಲ್ಲಿದೆ, ಸರಿಯಾಗಿ ಓಡುತ್ತಿದೆ. ಅವರು ತಮ್ಮ ಮನೆಯಿಂದ ಎರಡು ಸರ್ವರುಗಳನ್ನೂ ಮುಟ್ಟಬಲ್ಲರು, ನಾನೂ ಮುಟ್ಟಬಲ್ಲೆ. ಆ ಎರಡು ಯಂತ್ರಗಳು ಮಾತ್ರ ಒಂದನ್ನೊಂದು ಮುಟ್ಟಲಾರವು. ಅಮೆರಿಕದವರೆಗೆ ಮಾತನಾಡಬಲ್ಲ ಯಂತ್ರಕ್ಕೆ, ಪ್ರಾಯಶಃ ಅದೇ ಕಟ್ಟಡದಲ್ಲಿರುವ ನೆರೆಯವನೊಡನೆ ಮಾತನಾಡಲಾಗದು!

ವಿಳಾಸ ಮತ್ತು ಮುಸುಕು

ಈ ಒಗಟನ್ನು ಬಿಡಿಸಬೇಕಾದರೆ ಮಾಸ್ಕ್ ಎಂಬುದರ ಕೆಲಸವೇನೆಂದು ಮೊದಲು ತಿಳಿಯಬೇಕು. 203.0.113.45 ಎಂಬುದು ನಾಲ್ಕು ಸಂಖ್ಯೆಗಳಂತೆ ಕಂಡರೂ ವಾಸ್ತವವಾಗಿ ಒಂದೇ ಸಂಖ್ಯೆ, ದ್ವಿಮಾನ ಪದ್ಧತಿಯಲ್ಲಿ ಬರೆದ 32 ಅಂಕಿಗಳ, ಎಂದರೆ 32 ಬಿಟ್‌ಗಳ ಸಂಖ್ಯೆ. ಅದನ್ನು ಎಂಟೆಂಟು ಬಿಟ್‌ಗಳ ನಾಲ್ಕು ತುಂಡುಗಳಾಗಿ ಕಡಿದು, ಒಂದೊಂದನ್ನೂ ನಮಗೆ ರೂಢಿಯಾದ ದಶಮಾನದಲ್ಲಿ ಬರೆಯುತ್ತೇವೆ. ಎಂಟು ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 255. ಆದ್ದರಿಂದ ಯಾವ ತುಂಡೂ ಅದನ್ನು ಮೀರದು.

ನಮ್ಮ ಅಂಚೆಯ ಪಿನ್ ಸಂಖ್ಯೆಯನ್ನು ನೆನೆಯಿರಿ. 1972ರ ಆಗಸ್ಟ್ 15ರಂದು ಬಳಕೆಗೆ ಬಂದ ಈ ಆರಂಕಿಯ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿಗಳು ಪತ್ರಗಳನ್ನು ವಿಂಗಡಿಸುವ ಜಿಲ್ಲೆಯನ್ನೂ, ಕೊನೆಯ ಮೂರು ಅದರೊಳಗಿನ ಅಂಚೆಕಚೇರಿಯನ್ನೂ ಹೇಳುತ್ತವೆ. ಹಾಗೆಯೇ ಐಪಿ ವಿಳಾಸದಲ್ಲಿಯೂ ಎಡಗಡೆಯ ಭಾಗ ಜಾಲವನ್ನು, ಎಂದರೆ ಬೀದಿಯನ್ನು, ಹೇಳುತ್ತದೆ. ಬಲಗಡೆಯ ಭಾಗ ಮನೆಯನ್ನು ಹೇಳುತ್ತದೆ. ಆದರೆ ಒಂದು ಭೇದವುಂಟು. ಪಿನ್ ಸಂಖ್ಯೆಯಲ್ಲಿ ಎರಡು ಭಾಗಗಳ ನಡುವಣ ಗಡಿ ಒಂದೇ ಕಡೆ ನಿಂತಿದೆ. ಐಪಿ ವಿಳಾಸದಲ್ಲಿ ಅದು ಸರಿದಾಡುತ್ತದೆ. ಗಡಿ ಎಲ್ಲಿದೆಯೆಂಬುದನ್ನು ತಿಳಿಸುವುದೇ ಮಾಸ್ಕಿನ ಕೆಲಸ.

ಮೊದಲಿಗೆ ಹೀಗಿರಲಿಲ್ಲ. 1981ರಲ್ಲಿ ಈ ವಿಳಾಸ ಪದ್ಧತಿಯ ನಿಯಮಗಳು ಪ್ರಕಟವಾದಾಗ ಗಡಿಯನ್ನು ಮೂರೇ ಸ್ಥಳಗಳಲ್ಲಿ ನಿಲ್ಲಿಸಿದ್ದರು: ಎಂಟನೆಯ ಬಿಟ್ಟಿನ ಬಳಿಕ, ಹದಿನಾರನೆಯದರ ಬಳಿಕ, ಇಪ್ಪತ್ತನಾಲ್ಕನೆಯದರ ಬಳಿಕ. ಹೀಗಾಗಿ ಒಂದು ಸಂಸ್ಥೆಗೆ 256 ವಿಳಾಸಗಳು ಸಾಲದಾದರೆ ಒಮ್ಮೆಗೇ 65,536 ಕೊಡಬೇಕಾಗುತ್ತಿತ್ತು. ಚಪ್ಪಲಿಯ ಅಂಗಡಿಯಲ್ಲಿ ಮಗುವಿನ ಅಳತೆ ಒಂದು, ಆನೆಯ ಅಳತೆ ಒಂದು ಇಟ್ಟಂತೆ. ವಿಶ್ವವಿದ್ಯಾನಿಲಯಗಳಲ್ಲಿ ಒಂದೊಂದು ವಿಭಾಗಕ್ಕೂ ಒಂದೊಂದು ಜಾಲ ಹುಟ್ಟಿಕೊಂಡಾಗ, ದೊಡ್ಡ ಜಾಲವನ್ನು ಒಳಗೊಳಗೆ ಚಿಕ್ಕ ಜಾಲಗಳಾಗಿ ಹೋಳು ಮಾಡುವ ಕ್ರಮ ಬೇಕಾಯಿತು. ಸ್ಟ್ಯಾನ್‌ಫರ್ಡಿನ ಜೆಫ್ ಮೊಗಲ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಜಾನ್ ಪೋಸ್ಟೆಲ್ 1985ರ ಆಗಸ್ಟ್‌ನಲ್ಲಿ ಅದರ ನಿಯಮವನ್ನು ಬರೆದರು. ಸಬ್‌ನೆಟ್ ಮಾಸ್ಕ್ ಎಂಬುದು ಹೀಗೆ ನೆಲೆಗೊಂಡಿತು. 1993ರಲ್ಲಿ ಹಳೆಯ ಮೂರು ಅಳತೆಗಳನ್ನು ಸಂಪೂರ್ಣವಾಗಿ ಕೈಬಿಟ್ಟು, ಗಡಿ ಯಾವ ಬಿಟ್ಟಿನ ಬಳಿಕ ಬೇಕಾದರೂ ನಿಲ್ಲಬಹುದೆಂದು ಒಪ್ಪಿಕೊಂಡರು.

ಮಾಸ್ಕ್ ಎಂದರೆ ಮುಸುಕು. ಅದೂ 32 ಬಿಟ್‌ಗಳ ಸಂಖ್ಯೆಯೇ. ಎಡದಲ್ಲಿ ಒಂದರ ಸಾಲು, ಬಲದಲ್ಲಿ ಸೊನ್ನೆಯ ಸಾಲು. ಅದನ್ನು ವಿಳಾಸದ ಮೇಲೆ ಹೊದಿಸಿ, ಮೇಲೆ ಕೆಳಗೆ ಎರಡೂ ಕಡೆ 1 ಇದ್ದರೆ 1, ಇಲ್ಲವಾದರೆ 0 ಎಂದು ಬರೆಯುತ್ತ ಹೋಗಬೇಕು. ಕಾಲೇಜಿನಲ್ಲಿ ಆಂಡ್ ಗೇಟನ್ನು ಕಂಡವರಿಗೆ ಇದು ಹೊಸದಲ್ಲ. ಒಂದು ಉದಾಹರಣೆಯನ್ನು ಮಾಡಿಯೇ ನೋಡೋಣ. ವಿಳಾಸದ ಕೊನೆಯ ತುಂಡು 77, ಮಾಸ್ಕಿನ ಕೊನೆಯ ತುಂಡು 192 ಎಂದಿರಲಿ:

77 = 01001101
192 = 11000000
ಫಲ = 01000000 = 64

ಬಲಗಡೆಯ ಆರು ಬಿಟ್‌ಗಳು ಮುಸುಕಿನಡಿ ಮರೆಯಾದುವು. ಉಳಿದದ್ದು ಬೀದಿಯ ಹೆಸರು, 64. ಈಗ 100ಕ್ಕೆ ಇದೇ ಮುಸುಕು ಹೊದಿಸಿದರೆ 01100100 ಎಂಬುದು 01000000 ಆಗಿ ಮತ್ತೆ 64 ದೊರೆಯುತ್ತದೆ; 130ಕ್ಕೆ ಹೊದಿಸಿದರೆ 128. ಆದುದರಿಂದ 77ಕ್ಕೆ 100 ಅದೇ ಬೀದಿಯ ನೆರೆಯವನು, 130 ಬೇರೆ ಬೀದಿಯವನು. ಈ ಬೀದಿಯಲ್ಲಿ 64ರಿಂದ 127ರವರೆಗಿನ ವಿಳಾಸಗಳಿವೆ. ಗಡಿ ತುಂಡಿನ ಅಂಚಿನಲ್ಲಿಯೇ ಬೀಳಬೇಕೆಂಬ ನಿಯಮವಿಲ್ಲದಿರುವುದರಿಂದ ವಿಚಿತ್ರವಾದ ಮಾಸ್ಕ್‌ಗಳೂ ಉಂಟು. 255.255.254.0 ಎಂಬ ಮಾಸ್ಕ್ ಇರುವಲ್ಲಿ 198.51.100.255 ಎಂಬುದು ಯಾವ ದೋಷವೂ ಇಲ್ಲದ ಒಬ್ಬ ಯಂತ್ರದ ವಿಳಾಸವಾಗಬಲ್ಲದು. 255ರಲ್ಲಿ ಮುಗಿಯುವ ವಿಳಾಸ ಯಾರಿಗೂ ಸಲ್ಲದೆಂದು ನನ್ನಂತೆಯೇ ಬಾಯಿಪಾಠ ಮಾಡಿದವರು ಅಲ್ಲಿ ಎಡವುತ್ತಾರೆ. 1985ರ ನಿಯಮವಂತೂ ಒಂದು ಮತ್ತು ಸೊನ್ನೆಗಳು ಬೆರಕೆಯಾಗಿರುವ ಮಾಸ್ಕನ್ನೂ ನಿಷೇಧಿಸಿರಲಿಲ್ಲ, ಬೇಡವೆಂದು ಸಲಹೆ ಮಾತ್ರ ಮಾಡಿತ್ತು. ಆ ಸ್ವಾತಂತ್ರ್ಯ ಮುಂದೆ ಇಲ್ಲವಾದುದು ಎಲ್ಲರ ಪುಣ್ಯ.

ಬೀದಿಯಲ್ಲಿ ಡಂಗುರ

ಒಂದು ಯಂತ್ರ ಇನ್ನೊಂದಕ್ಕೆ ಪತ್ರ ಕಳುಹಿಸುವಾಗ ಈ ಗಣಿತವನ್ನು ಪ್ರತಿ ಸಲವೂ ಮಾಡುತ್ತದೆ. ತನ್ನ ವಿಳಾಸಕ್ಕೂ ಗುರಿಯ ವಿಳಾಸಕ್ಕೂ ಒಂದೇ ಮುಸುಕು ಹೊದಿಸಿ, ಫಲಗಳು ಒಂದೇ ಆದರೆ 'ಇವನು ನಮ್ಮ ಬೀದಿಯವನು, ನೇರವಾಗಿ ಕೊಡುತ್ತೇನೆ' ಎನ್ನುತ್ತದೆ. ಬೇರೆಯಾದರೆ 'ಇವನು ಹೊರಗಿನವನು' ಎಂದು ಪತ್ರವನ್ನು ಗೇಟ್‌ವೇಗೆ, ಎಂದರೆ ಊರ ಹೆಬ್ಬಾಗಿಲಿಗೆ ಒಪ್ಪಿಸುತ್ತದೆ. ಅಲ್ಲಿಂದ ಮುಂದಿನ ಚಿಂತೆ ಹೆಬ್ಬಾಗಿಲಿನದು.

ನೇರವಾಗಿ ಕೊಡುವುದೆಂದರೆ ಹೇಗೆ? ಈಥರ್‌ನೆಟ್ಟಿನ ತಂತಿಯ ಮೇಲೆ ಐಪಿ ವಿಳಾಸ ನಡೆಯುವುದಿಲ್ಲ. ಅಲ್ಲಿ ಪ್ರತಿಯೊಂದು ಯಂತ್ರಕ್ಕೂ 48 ಬಿಟ್‌ಗಳ ಬೇರೆಯೇ ವಿಳಾಸವುಂಟು. (1973ರಲ್ಲಿ ಈ ತಂತ್ರಕ್ಕೆ ಹೆಸರಿಟ್ಟ ಮೆಟ್‌ಕಾಫ್, ಬೆಳಕಿನ ಅಲೆಗಳನ್ನು ಹೊರುವುದೆಂದು ಹಿಂದೆ ನಂಬಿದ್ದ ಈಥರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. 1887ರ ಮೈಕೆಲ್‌ಸನ್–ಮಾರ್ಲೆ ಪ್ರಯೋಗದ ಬಳಿಕ ಭೌತಶಾಸ್ತ್ರದಲ್ಲಿ ನೆಲೆ ಕಳೆದುಕೊಂಡ ಈಥರು ಹೀಗೆ ನಮ್ಮ ಮನೆಯ ತಂತಿಗಳಲ್ಲಿ ಬಾಡಿಗೆಗೆ ಬಂದು ನೆಲೆಸಿದೆ!) ಐಪಿ ವಿಳಾಸ ಗೊತ್ತಿದ್ದು ತಂತಿಯ ವಿಳಾಸ ಗೊತ್ತಿಲ್ಲದಾಗ ಯಂತ್ರವು ಡಂಗುರ ಸಾರುತ್ತದೆ: '203.0.113.112 ಯಾರು? ಇದ್ದರೆ 203.0.113.45ಕ್ಕೆ ತಿಳಿಸಿ.' ತಂತಿಯ ಮೇಲಿರುವ ಎಲ್ಲರಿಗೂ ಇದು ಕೇಳುತ್ತದೆ. ಆ ವಿಳಾಸದವನು ಮಾತ್ರ 'ನಾನು, ನನ್ನ ತಂತಿಯ ವಿಳಾಸ ಇಂಥದು' ಎಂದು ಓಗೊಡುತ್ತಾನೆ. ಎಆರ್‌ಪಿ ಎಂಬ ಈ ಡಂಗುರದ ಕ್ರಮವನ್ನು ಡೇವಿಡ್ ಪ್ಲಮರ್ ಎಂಬುವರು 1982ರ ನವೆಂಬರಿನಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ವಾಚಕರು ಇದನ್ನು ನಿಧಾನವಾಗಿ ಗಮನಿಸಬೇಕೆಂದು ನನ್ನ ಬಿನ್ನಹ. ಡಂಗುರದಲ್ಲಿ ಕೇಳುವವನ ಎರಡು ವಿಳಾಸಗಳಿವೆ, ಹುಡುಕುತ್ತಿರುವ ವಿಳಾಸವಿದೆ. ಮಾಸ್ಕ್ ಎಲ್ಲಿಯೂ ಇಲ್ಲ. ಆಮೇಲೆ ಹೋಗುವ ಪತ್ರದ ಶಿರೋಭಾಗದಲ್ಲಿಯೂ ಮಾಸ್ಕ್ ಇರುವುದಿಲ್ಲ. ತನ್ನ ಬೀದಿ ಎಷ್ಟು ಉದ್ದವೆಂದು ಯಂತ್ರವು ತನ್ನೊಳಗೆ ಇಟ್ಟುಕೊಂಡಿರುವ ನಂಬಿಕೆಯೇ ಮಾಸ್ಕ್. ಆ ನಂಬಿಕೆ ತಪ್ಪಾಗಿದ್ದರೆ 'ನೀನು ತಪ್ಪಿದೆ' ಎಂದು ಹೊರಗಿನಿಂದ ಯಾರೂ ಹೇಳಲಾರರು. ಮೂವತ್ತೊಂಬತ್ತು ದಿನಗಳ ಕಾಲ ನನಗೆ ಒಂದು ಎಚ್ಚರಿಕೆಯ ಮಾತೂ ಬಾರದೆ ಇದ್ದುದು ಇದರಿಂದಲೇ.

ನನ್ನ ಒಗಟು ಈಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕರಾವಳಿಯವರ ಯಂತ್ರದಲ್ಲಿ ಮಾಸ್ಕ್ ಪತ್ರದಲ್ಲಿದ್ದಂತೆಯೇ ಇತ್ತು. ಅದು ತನ್ನ ಪತ್ರವನ್ನು ಹೆಬ್ಬಾಗಿಲಿಗೆ ಕೊಡುತ್ತಿತ್ತು. ಹೆಬ್ಬಾಗಿಲು ಅದನ್ನು ನಮ್ಮ ಯಂತ್ರಕ್ಕೆ ತಲುಪಿಸುತ್ತಿತ್ತು. ಉತ್ತರ ಬರೆಯುವ ಹೊತ್ತಿಗೆ ನಮ್ಮ ಯಂತ್ರ ನಾನು ಕೊಟ್ಟಿದ್ದ 255.255.255.0 ಎಂಬ ಮುಸುಕನ್ನು ಹೊದಿಸಿ, 203.0.113.112 ತನ್ನ ಬೀದಿಯದೇ ಎಂದು ತೀರ್ಮಾನಿಸಿ, ಹೆಬ್ಬಾಗಿಲಿನತ್ತ ತಿರುಗದೆ ಬೀದಿಯಲ್ಲಿ ಡಂಗುರ ಸಾರುತ್ತಿತ್ತು. ಓಗೊಡುವವರು ಯಾರೂ ಇರಲಿಲ್ಲ. ಲಿನಕ್ಸಿನಲ್ಲಿ ನೆರೆಯವರ ಪಟ್ಟಿಯನ್ನು ತೋರಿಸುವ ಆಜ್ಞೆಯನ್ನು ಕೊಟ್ಟಾಗ 203.0.113.112ರ ಎದುರಿಗೆ 'ಫೇಲ್ಡ್' ಎಂಬ ಶಬ್ದ ನಿಂತಿತ್ತು. ನಮ್ಮ ಸಂಖ್ಯೆಯೊಡನೆ ಮೊದಲ ಮೂರು ತುಂಡುಗಳು ಒಂದೇ ಆಗಿರುವ 254 ಯಂತ್ರಗಳನ್ನು ಬಿಟ್ಟು ಮಿಕ್ಕ ಪ್ರಪಂಚವೆಲ್ಲ ನಮಗೆ ತೆರೆದಿತ್ತು. ನಮಗೆ ಬೇಕಾಗಿದ್ದ ಒಂದೇ ಒಂದು ಯಂತ್ರ ಆ 254ರೊಳಗೆ ಇತ್ತು. ಹೆಬ್ಬಾಗಿಲು ಮಾತ್ರ ನಮ್ಮ ಡಂಗುರಕ್ಕೆ ಓಗೊಡುತ್ತಿದ್ದುದರಿಂದ ದೋಷ ಮರೆಯಾಗಿಯೇ ಉಳಿದಿತ್ತು.

ಬೀದಿಗೊಂದೇ ಮನೆ ಏಕೆ?

ಹಾಗಾದರೆ 255.255.255.255 ಎಂಬುದು ಕೈತಪ್ಪಲ್ಲ. ಮೂವತ್ತೆರಡು ಬಿಟ್‌ಗಳೂ ಒಂದೇ ಆಗಿರುವ ಈ ಮಾಸ್ಕಿನಲ್ಲಿ ಮುಸುಕಿನಡಿ ಅಡಗುವ ಬಿಟ್ ಒಂದೂ ಇಲ್ಲ. ಬೀದಿಯಲ್ಲಿ ಇರುವುದು ಒಂದೇ ಮನೆ, ತನ್ನದು. ಇಂಥ ಯಂತ್ರಕ್ಕೆ ನೆರೆಯವರೇ ಇಲ್ಲ. ಪಕ್ಕದ ಯಂತ್ರಕ್ಕೆ ಹೋಗಬೇಕಾದ ಪತ್ರವೂ ಹೆಬ್ಬಾಗಿಲಿನ ಮೂಲಕವೇ ಹೋಗಬೇಕು.

ಬಾಡಿಗೆ ಕೊಡುವವರು ಹೀಗೆ ಮಾಡುವುದಕ್ಕೆ ಎರಡು ಕಾರಣಗಳುಂಟು. ಒಂದು, ಕಾವಲು. ಡಂಗುರದ ಪದ್ಧತಿಯಲ್ಲಿ ಉತ್ತರ ಕೊಟ್ಟವನು ನಿಜ ಹೇಳುತ್ತಾನೆಯೇ ಎಂದು ಪರೀಕ್ಷಿಸುವ ಉಪಾಯವಿಲ್ಲ. ದುಷ್ಟನೊಬ್ಬನು 'ಹೆಬ್ಬಾಗಿಲು ನಾನೇ' ಎಂದು ಓಗೊಟ್ಟರೆ ಬೀದಿಯವರ ಪತ್ರಗಳೆಲ್ಲ ಅವನ ಕೈಗೆ ಬೀಳುತ್ತವೆ. ಒಂದೇ ಮನೆಯವರಿರುವ ಬೀದಿಯಲ್ಲಿ ಈ ಭಯ ಕಡಮೆ; ಬಾಡಿಗೆ ಸರ್ವರುಗಳ ಕಟ್ಟಡದಲ್ಲಿಯಾದರೋ ಒಬ್ಬರನ್ನೊಬ್ಬರು ಅರಿಯದ ಸಾವಿರಾರು ಮಂದಿ ಇರುತ್ತಾರೆ. ಆದುದರಿಂದ ಒಬ್ಬರ ಡಂಗುರ ಇನ್ನೊಬ್ಬರಿಗೆ ಕೇಳಿಸದಂತೆ ಅವರನ್ನು ಬೇರ್ಪಡಿಸುತ್ತಾರೆ. ಕೆಲವು ಕಡೆ ಹೆಬ್ಬಾಗಿಲೇ ಎಲ್ಲರ ಪರವಾಗಿಯೂ ಓಗೊಡುವ ಏರ್ಪಾಡನ್ನು ಮಾಡಿರುತ್ತಾರೆ. ಅಲ್ಲಿ ನನ್ನಂಥವರ ತಪ್ಪೂ ನಡೆದುಹೋಗುತ್ತದೆ. ನಮ್ಮ ಸಂಸ್ಥೆಯಲ್ಲಿ ಆ ಔದಾರ್ಯವಿರಲಿಲ್ಲ.

ಎರಡನೆಯ ಕಾರಣ ವಿಳಾಸಗಳ ಬರ. 32 ಬಿಟ್‌ಗಳಲ್ಲಿ ಆಗುವ ವಿಳಾಸಗಳು ಒಟ್ಟು 4,29,49,67,296. 1981ರಲ್ಲಿ ಇದು ಎಂದಿಗೂ ಬತ್ತದ ಕಡಲಿನಂತೆ ಕಂಡಿರಬೇಕು. ಪ್ರಪಂಚದ ಜನಸಂಖ್ಯೆ 2022ರಲ್ಲಿ 800 ಕೋಟಿಯನ್ನು ಮುಟ್ಟಿತು. ತಲೆಗೊಂದು ವಿಳಾಸವೂ ಬಾರದು. ಜಗತ್ತಿನ ಕೇಂದ್ರ ಉಗ್ರಾಣದಲ್ಲಿದ್ದ ಕೊನೆಯ ಭಾಗಗಳನ್ನು 2011ರ ಫೆಬ್ರವರಿ 3ರಂದು ಐದು ಖಂಡಗಳ ನೋಂದಣಿ ಸಂಸ್ಥೆಗಳಿಗೆ ಹಂಚಿ ಮುಗಿಸಿದರು. ಯೂರೋಪಿನ ಸಂಸ್ಥೆ 2019ರ ನವೆಂಬರಿನಲ್ಲಿ ತನ್ನಲ್ಲಿ ಹೊಸ ವಿಳಾಸಗಳು ಮುಗಿದುವೆಂದು ಸಾರಿತು. ಹೀಗಿರುವಾಗ ಬಾಡಿಗೆದಾರನೊಬ್ಬನಿಗೆ ಶಾಸ್ತ್ರೋಕ್ತವಾದ ಪ್ರತ್ಯೇಕ ಬೀದಿ ಕೊಡಬೇಕಾದರೆ ಎಷ್ಟು ಖರ್ಚಾಗುವುದು ನೋಡಿ. ಬೀದಿಯ ಹೆಸರಿಗೆ ಒಂದು ವಿಳಾಸ, ಎಲ್ಲರನ್ನೂ ಒಮ್ಮೆಗೇ ಕೂಗಲು ಒಂದು, ಹೆಬ್ಬಾಗಿಲಿಗೆ ಒಂದು, ಬಾಡಿಗೆದಾರನಿಗೆ ಒಂದು: ಒಬ್ಬನಿಗಾಗಿ ನಾಲ್ಕು. 256 ವಿಳಾಸಗಳಲ್ಲಿ 64 ಮಂದಿಗೆ ಮಾತ್ರ ಜಾಗ. ಒಂಟಿಮನೆಯ ಬೀದಿಗಳಾದರೆ ಹೆಚ್ಚು ಕಡಮೆ 256 ಮಂದಿಗೂ ಜಾಗವುಂಟು. ಮೂರು ಪಾಲು ವ್ಯರ್ಥವಾಗುತ್ತಿದ್ದುದು ಉಳಿಯಿತು. ಎರಡು ರೂಟರುಗಳ ನಡುವಣ ತಂತಿಗಳಲ್ಲಿ ಇದೇ ಉಳಿತಾಯವನ್ನು ಹುಡುಕುತ್ತ 2000ದ ಡಿಸೆಂಬರಿನಲ್ಲಿ ಎರಡೇ ವಿಳಾಸಗಳ ಬೀದಿಗೂ ಅನುಮತಿ ಕೊಟ್ಟರು.

ಬಾಗಿಲು ಬೀದಿಯ ಆಚೆ

ದೋಷ ತಿಳಿದ ಆ ಶನಿವಾರ ರಾತ್ರಿ ನಾನು ಮನೆಯಲ್ಲಿ ಕುಳಿತು, ಅಳಿಯುತ್ತಿರುವ ದಿನಗಳನ್ನು ನೆನೆದು ಆತುರಪಟ್ಟು, ಮಾಸ್ಕನ್ನು 255.255.255.255 ಎಂದು ಬರೆದು ಜಾರಿಗೆ ಬರಲೆಂದು ಗುಂಡಿ ಒತ್ತಿದೆ. ಪರದೆ ನಿಶ್ಚಲವಾಯಿತು. ಸರ್ವರು ಮನೆಯಿಂದಲೂ ದೊರೆಯಲಿಲ್ಲ, ಕಾಲೇಜಿನಿಂದಲೂ ದೊರೆಯಲಿಲ್ಲ. ಕುಳಿತ ಕೊಂಬೆಯನ್ನು ಕಡಿದುಕೊಂಡಿದ್ದೆ.

ಆದುದೇನು? ಯಂತ್ರಕ್ಕೆ ಹೆಬ್ಬಾಗಿಲು 203.0.113.1 ಎಂದು ಹೇಳಲಾಗಿದೆ. ಹೆಬ್ಬಾಗಿಲಿಗೆ ಪತ್ರ ಕೊಡಬೇಕಾದರೆ ಮೊದಲು ಹೆಬ್ಬಾಗಿಲನ್ನು ನೇರವಾಗಿ ಮುಟ್ಟಬೇಕು. ಎಂದರೆ ಅದು ತನ್ನ ಬೀದಿಯಲ್ಲಿರಬೇಕು. ಹಳೆಯ ಮಾಸ್ಕಿನಲ್ಲಿ ಅದು ಬೀದಿಯೊಳಗೇ ಇತ್ತು. ಹೊಸ ಮಾಸ್ಕಿನಂತೆ ಬೀದಿಯಲ್ಲಿ ತನ್ನ ಮನೆ ಬಿಟ್ಟು ಬೇರೇನೂ ಇಲ್ಲವಾದುದರಿಂದ ಹೆಬ್ಬಾಗಿಲೂ ಹೊರಗಾಯಿತು. ಹೊರಗಿರುವುದನ್ನು ಮುಟ್ಟಲು ಹೆಬ್ಬಾಗಿಲಿನ ಮೂಲಕ ಹೋಗಬೇಕು, ಹೆಬ್ಬಾಗಿಲೇ ಹೊರಗಿದೆ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತು. ಲಿನಕ್ಸ್ ಈ ಕೊನೆಯಿಲ್ಲದ ಸುತ್ತಿಗೆ ಬೀಳದೆ, ಇಂಥ ಗೇಟ್‌ವೇ ಸಿಂಧುವಲ್ಲವೆಂದು ಆ ಸಾಲನ್ನೇ ನಿರಾಕರಿಸಿತು. ಯಂತ್ರ ಜೀವಂತವಾಗಿತ್ತು, ಆದರೆ ಮೂಕವಾಗಿತ್ತು.

ಬಾಡಿಗೆ ಸಂಸ್ಥೆಗಳು ಇಂಥ ಅವಿವೇಕಿಗಳಿಗಾಗಿಯೇ ಒಂದು ಹಿತ್ತಿಲ ಬಾಗಿಲನ್ನು ಇಟ್ಟಿರುತ್ತವೆ: ಯಂತ್ರದ ಜಾಲದ ತಂತಿಯನ್ನು ಅವಲಂಬಿಸದೆ, ಅದರ ಪರದೆಯನ್ನೂ ಕೀಲಿಮಣೆಯನ್ನೂ ದೂರದಿಂದಲೇ ಕಾಣಿಸುವ ಕನ್ಸೋಲ್. ಅದನ್ನು ತೆರೆಯುವ ಗುಪ್ತಪದ ಕಾಲೇಜಿನ ಕಚೇರಿಯಲ್ಲಿತ್ತು, ಕಚೇರಿ ಭಾನುವಾರ ಮುಚ್ಚಿತ್ತು. ಸೋಮವಾರದವರೆಗೆ ಎರಡು ದಿನಗಳ ವಾಚನಗಳು ಹೆಚ್ಚಾಗಿ ಹೋದುವು. ಒಂಬತ್ತಕ್ಕೆ ಎರಡು ಕೂಡಿ ಹನ್ನೊಂದು ದಿನ, 15,840 ವಾಚನಗಳು.

ಪರಿಹಾರ ಎರಡೇ ಸಾಲಿನದು. ಅದರ ಹಿಂದಿರುವ ತರ್ಕ ಮಾತ್ರ ನನಗೆ ಬಹಳ ಹಿಡಿಸಿದೆ. ಯಂತ್ರದೊಳಗೆ ಮಾರ್ಗಗಳ ಪಟ್ಟಿಯೊಂದಿದೆ. ಅದರ ಒಂದೊಂದು ಸಾಲಿನಲ್ಲಿಯೂ ಒಂದು ವಿಳಾಸ, ಒಂದು ಮಾಸ್ಕ್, ಹೋಗಬೇಕಾದ ದಾರಿ ಇರುತ್ತವೆ. ಗುರಿಯೊಂದಕ್ಕೆ ಅನೇಕ ಸಾಲುಗಳು ಹೊಂದಿದರೆ, ಮಾಸ್ಕಿನಲ್ಲಿ ಒಂದುಗಳು ಹೆಚ್ಚಿರುವ ಸಾಲೇ ಗೆಲ್ಲುತ್ತದೆ. ಎಲ್ಲವೂ ಒಂದಾಗಿರುವ ಮಾಸ್ಕ್ ಒಂದೇ ಒಂದು ವಿಳಾಸಕ್ಕೆ ಹೊಂದುತ್ತದೆ. ಎಲ್ಲವೂ ಸೊನ್ನೆಯಾಗಿರುವ ಮಾಸ್ಕನ್ನು ಯಾವ ವಿಳಾಸಕ್ಕೆ ಹೊದಿಸಿದರೂ ಫಲ ಸೊನ್ನೆಯೇ ಆದುದರಿಂದ ಅದು ಎಲ್ಲ ವಿಳಾಸಗಳಿಗೂ ಹೊಂದುತ್ತದೆ. ಈ ಎರಡು ತುದಿಗಳನ್ನೇ ಬಳಸಿ ಹೀಗೆ ಬರೆಯಬೇಕು:

203.0.113.1, ಮಾಸ್ಕ್ 255.255.255.255: ನೇರವಾಗಿ ಈ ತಂತಿಯ ಮೇಲೆ
0.0.0.0, ಮಾಸ್ಕ್ 0.0.0.0: 203.0.113.1ರ ಮೂಲಕ

ಮೊದಲನೆಯ ಸಾಲು ಯಂತ್ರಕ್ಕೆ ಹೇಳುವುದಿಷ್ಟೆ: ಗಣಿತ ಏನೇ ಹೇಳಲಿ, ಈ ಒಂದು ವಿಳಾಸ ನಿನ್ನ ತಂತಿಯ ಮೇಲೆಯೇ ಇದೆ, ಡಂಗುರ ಸಾರು, ಓಗೊಡುತ್ತದೆ. ಡಂಗುರದಲ್ಲಿ ಮಾಸ್ಕ್ ಇಲ್ಲವೆಂದು ಹಿಂದೆ ಹೇಳಿದುದು ಇಲ್ಲಿ ಉಪಯೋಗಕ್ಕೆ ಬಂದಿತು. ಕೇಳುವವನ ಬೀದಿ ಯಾವುದೆಂದು ಹೆಬ್ಬಾಗಿಲಿಗೆ ತಿಳಿಯಬೇಕಾಗಿಯೇ ಇಲ್ಲ. ತಂತಿಯ ಮೇಲೆ ಕೂಗು ಕೇಳಿದರೆ ಸಾಕು. ಎರಡನೆಯ ಸಾಲು ಮಿಕ್ಕ ಜಗತ್ತನ್ನೆಲ್ಲ ಹೆಬ್ಬಾಗಿಲಿಗೆ ಒಪ್ಪಿಸುತ್ತದೆ. ಸಾಲುಗಳು ಇದೇ ಅನುಕ್ರಮದಲ್ಲಿ ಬರಬೇಕು. ಮೊದಲನೆಯದು ಇಲ್ಲದೆ ಎರಡನೆಯದನ್ನು ಯಂತ್ರ ಒಪ್ಪುವುದಿಲ್ಲ. ಉಬುಂಟುವಿನ ನೆಟ್‌ಪ್ಲಾನ್ ಕಡತದಲ್ಲಿ ಇವೆರಡರ ಬದಲು 'ಆನ್-ಲಿಂಕ್' ಎಂಬ ಒಂದು ಶಬ್ದವನ್ನು ಮಾರ್ಗದ ಜೊತೆಗೆ ಬರೆದರೂ ಸಾಕು. ಬರೆದ ಮೇಲೆ 'ಐಪಿ ರೂಟ್ ಗೆಟ್' ಎಂಬ ಆಜ್ಞೆಯೊಡನೆ ಒಂದು ವಿಳಾಸವನ್ನು ಕೊಟ್ಟರೆ, ಅಲ್ಲಿಗೆ ಯಾವ ದಾರಿಯಿಂದ ಹೋಗುವೆನೆಂದು ಯಂತ್ರವೇ ಬಾಯಿಬಿಟ್ಟು ಹೇಳುತ್ತದೆ. 203.0.113.112ಕ್ಕೆ ಹೇಗೆ ಹೋಗುವೆ ಎಂದು ಕೇಳಿದೆ. 203.0.113.1ರ ಮೂಲಕ ಎಂದಿತು. ಮೂವತ್ತೊಂಬತ್ತು ದಿನಗಳ ಹಿಂದೆಯೇ ಈ ಒಂದು ಪ್ರಶ್ನೆ ಕೇಳಿದ್ದರೆ! ಇನ್ನೊಂದು ಉಪಾಯವನ್ನೂ ಆಗ ಕಲಿತೆ. 'ನೆಟ್‌ಪ್ಲಾನ್ ಟ್ರೈ' ಎಂಬ ಆಜ್ಞೆಯಿಂದ ಬದಲಾವಣೆ ಮಾಡಿದರೆ, 120 ಸೆಕೆಂಡುಗಳೊಳಗೆ ನಾವು ಒಪ್ಪಿಗೆಯ ಗುಂಡಿ ಒತ್ತದಿದ್ದಲ್ಲಿ ಯಂತ್ರ ತಾನಾಗಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಕೊಂಬೆಯನ್ನು ಕಡಿದುಕೊಂಡವನು ಗುಂಡಿ ಒತ್ತಲಾರನಷ್ಟೆ.

ಈ ಒಂಟಿಮನೆಯ ಬೀದಿ ಎಲ್ಲಿಯೋ ಮೂಲೆಯ ವಿಚಿತ್ರವೇನೂ ಅಲ್ಲ. ಗೂಗಲ್ ಕ್ಲೌಡಿನ ಯಂತ್ರಗಳಿಗೆ ದೊರೆಯುವ ಮಾಸ್ಕ್ ಇದೇ. ಜರ್ಮನಿಯ ಹೆಟ್ಸ್‌ನರ್ ಸಂಸ್ಥೆಯ ಕ್ಲೌಡಿನಲ್ಲಿ ಗೇಟ್‌ವೇ 172.31.1.1; ಬಾಡಿಗೆದಾರನ ವಿಳಾಸಕ್ಕೂ ಅದಕ್ಕೂ ಮೇಲುನೋಟಕ್ಕೆ ಯಾವ ನಂಟೂ ಇಲ್ಲ. (ನಮ್ಮ ಕಥೆಯ ಸಂಸ್ಥೆ ಇವುಗಳಲ್ಲಿ ಒಂದಲ್ಲ.) ಅಲ್ಲಿ ಇದು ಯಾರ ಕಣ್ಣಿಗೂ ಬೀಳದೆ ನಡೆಯುವುದೇಕೆಂದರೆ, ಯಂತ್ರವು ಎದ್ದೊಡನೆ ತನ್ನ ವಿಳಾಸವನ್ನು ಡಿಎಚ್‌ಸಿಪಿ ಎಂಬ ಕ್ರಮದಿಂದ ಕೇಳಿ ಪಡೆಯುತ್ತದೆ; ಮೇಲೆ ಹೇಳಿದ ಎರಡು ಸಾಲುಗಳನ್ನೂ ಅದರೊಡನೆಯೇ ಕಳುಹಿಸುವ ಅನುಕೂಲ 2002ರಿಂದ ಉಂಟು. ಕೈಯಿಂದ ಬರೆಯಲು ಹೊರಡುವ ನನ್ನಂಥವರಿಗೇ ತೊಡಕು. ವಿಳಾಸಗಳ ಬರವನ್ನು ನೀಗಿಸಲು ರಚಿಸಿದ 128 ಬಿಟ್‌ಗಳ ಐಪಿವಿ6 ಪದ್ಧತಿಯಲ್ಲಿ ಪ್ರತಿ ತಂತಿಗೂ ಅಲ್ಲಲ್ಲಿಗೆ ಮಾತ್ರ ಸಲ್ಲುವ ವಿಳಾಸಗಳು ಬೇರೆಯೇ ಇವೆ. ಅವು ಎಫ್‌ಇ80 ಎಂದು ಮೊದಲಾಗುತ್ತವೆ. ಹೆಬ್ಬಾಗಿಲನ್ನು ಅಲ್ಲಿ ಸಾಮಾನ್ಯವಾಗಿ ಆ ವಿಳಾಸದಿಂದಲೇ ಕರೆಯುವುದರಿಂದ, ಹೆಬ್ಬಾಗಿಲಿನ ಅಂಕಿಗಳು ನಮ್ಮ ಬೀದಿಯ ಅಂಕಿಗಳಿಗೆ ಹೊಂದದೆ ಇರುವುದೇ ಅಲ್ಲಿಯ ರೂಢಿ.

ಕರಾವಳಿಯ ವಾಚನಗಳು ಈಗ ಪ್ರತಿ ರಾತ್ರಿ ಬಂದು ಸೇರುತ್ತಿವೆ. ಎರಡು ಊರುಗಳ ಒತ್ತಡದ ನಕ್ಷೆಯನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯ ಗೋಡೆಗೆ ಅಂಟಿಸಿದ್ದಾರೆ. ಕರಾವಳಿಯ ಗೆರೆಯಲ್ಲಿ ಹನ್ನೊಂದು ದಿನಗಳ ಜಾಗ ಖಾಲಿ. ಎರಡು ತುದಿಗಳ ನಡುವೆ ಒಂದು ನೇರಗೆರೆ ಎಳೆದು ಮುಚ್ಚಿಬಿಡೋಣವೆ ಎಂದು ಕೇಳಿದೆ. ಅಳೆಯದುದನ್ನು ಬರೆಯುವುದಿಲ್ಲವೆಂದು ಅವರು ಒಪ್ಪಲಿಲ್ಲ. ಆ ಜಾಗದ ಕೆಳಗೆ ಯಾರೋ ಪೆನ್ಸಿಲಿನಿಂದ 255.255.255.0 ಎಂದು ಬರೆದಿದ್ದಾರೆ.